ಧುರಂಧರ್ ಸಹಿ ಇರುವ ಹಳೇ ಚಿತ್ರ: ಕೈಸಹಿಯಾ, ಅಚ್ಚಾದ ಸಹಿಯಾ? ಕೊಳ್ಳುವ ಮೊದಲು ಏನೇನು ನೋಡಬೇಕು?

ಅಗ್ರಹಾರದ ಓದುಗಿ

ಎಲ್ಲರಿಗೂ ನಮಸ್ಕಾರ. ಮೈಸೂರಿನ ಒಂದು ಹಳೇ ಸಾಮಾನಿನ ಅಂಗಡಿಯಲ್ಲಿ ಚೌಕಟ್ಟು ಹಾಕಿದ ಒಂದು ಬಣ್ಣದ ಚಿತ್ರ ನೋಡಿದೆ. ಕಚ್ಚೆ ಹಾಕಿ ಸೀರೆ ಉಟ್ಟ ಹೆಂಗಸು, ತಲೆ ಮೇಲೆ ಬುಟ್ಟಿ. ಹಿಂದೆ ಏನೂ ಇಲ್ಲ, ತೆಳು ಬಣ್ಣ ಅಷ್ಟೇ. ಮೂಲೆಯಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಎಂ. ವಿ. ಧುರಂಧರ್ ಅಂತ ಸಹಿ ಇದೆ. ದೊಡ್ಡದೇನಲ್ಲ, ನೋಟ್‌ಬುಕ್ಕಿಗಿಂತ ಚಿಕ್ಕದು.

ಅಂಗಡಿಯವರು "ಸಹಿ ಹಾಕಿದ ಒರಿಜಿನಲ್ ಪ್ರಿಂಟ್, ನೂರು ವರ್ಷದ್ದು" ಎಂದು ಎಂಟು ಸಾವಿರ ಕೇಳುತ್ತಿದ್ದಾರೆ. ಆ ಹೆಂಗಸಿನ ನಿಲುವು ನನಗೆ ತುಂಬಾ ಹಿಡಿಸಿದೆ. ಚಿತ್ರಕ್ಕೆ ಪೋಸ್ ಕೊಟ್ಟ ಹಾಗಿಲ್ಲ, ಕೆಲಸಕ್ಕೆ ಹೊರಟವಳನ್ನು ಒಂದು ಗಳಿಗೆ ನಿಲ್ಲಿಸಿದ ಹಾಗಿದೆ. ಆದರೆ ಈ ವಿಷಯ ನನಗೆ ಹೊಸದು. ಕಲಾವಿದರೇ ಕೈಯಾರೆ ಸಹಿ ಹಾಕಿದ್ದಾ, ಅಲ್ಲವಾ ಎಂದು ತಿಳಿಯುವುದು ಹೇಗೆ? ಇಲ್ಲಿ ಹಳೇ ಪತ್ರಿಕೆ, ಹಳೇ ಚಿತ್ರ ಸಂಗ್ರಹಿಸುವವರು ಬಹಳ ಜನ ಇದ್ದೀರಿ. ದಯವಿಟ್ಟು ಹೇಳಿ.

ಭೂತಗನ್ನಡಿ

ಮೇಡಂ, ಮೊದಲ ಮಾತು: ಇವತ್ತೇ ದುಡ್ಡು ಕೊಡಬೇಡಿ. ಚಿತ್ರ ಎಲ್ಲೂ ಓಡಿ ಹೋಗುವುದಿಲ್ಲ.

ಧುರಂಧರ್ ಬಗ್ಗೆ ಸ್ವಲ್ಪ ಹೇಳುತ್ತೇನೆ, ಯಾಕೆಂದರೆ ಸಹಿಯ ಪ್ರಶ್ನೆಗೆ ಉತ್ತರ ಅವರ ಕೆಲಸದಲ್ಲೇ ಇದೆ. ಮಹಾದೇವ ವಿಶ್ವನಾಥ ಧುರಂಧರ್ 1867ರಲ್ಲಿ ಕೊಲ್ಹಾಪುರದಲ್ಲಿ ಹುಟ್ಟಿದವರು, 1944ರಲ್ಲಿ ತೀರಿಕೊಂಡರು. 1890ರಲ್ಲಿ ಮುಂಬಯಿಯ ಜೆ. ಜೆ. ಸ್ಕೂಲ್ ಆಫ್ ಆರ್ಟ್ ಸೇರಿದರು. ಕಲಿತದ್ದು, ಕಲಿಸಿದ್ದು ಎಲ್ಲ ಸೇರಿ 41 ವರ್ಷ ಅಲ್ಲೇ ಕಳೆದರು. ದೊಡ್ಡ ದೊಡ್ಡ ಆಯಿಲ್ ಪೇಂಟಿಂಗ್ ಮಾಡಿದ್ದಾರೆ, ನಿಜ. ಆದರೆ ಜನರ ಮನೆಗೆ ಅವರು ತಲುಪಿದ್ದು ಅಚ್ಚಿನ ಮೂಲಕ. ಪುಸ್ತಕಕ್ಕೆ ಬರೆದರು, ಪತ್ರಿಕೆಗೆ ಬರೆದರು, ಪಿಕ್ಚರ್ ಪೋಸ್ಟ್‌ಕಾರ್ಡಿಗೆ ಬರೆದರು. 1916ರಲ್ಲಿ ಶುರುವಾದ 'ವೀಸ್ಮೀ ಸದೀ' ಎಂಬ ಗುಜರಾತಿ ಸಚಿತ್ರ ಮಾಸಪತ್ರಿಕೆಯಲ್ಲಿ ಅವರ ಚಿತ್ರಗಳಿವೆ. ರವಿವರ್ಮ ಪ್ರೆಸ್ಸಿನಿಂದಲೂ ಅವರ ಚಿತ್ರ ಅಚ್ಚಾಗಿ ಬಂದಿವೆ.

ಈಗ ಸಹಿ. ಅವರು ಮೂಲ ಚಿತ್ರ ಮುಗಿಸಿದ ಮೇಲೆ ಅದರ ಮೂಲೆಯಲ್ಲಿ ಹೆಸರು ಹಾಕುತ್ತಿದ್ದರು, ಎಷ್ಟೋ ಸಲ ತಾರೀಖು ಸಹ. ಆ ಮೂಲ ಚಿತ್ರದ ಫೋಟೋ ತೆಗೆದು ಬ್ಲಾಕ್, ಅಂದರೆ ಅಚ್ಚು ಒತ್ತುವ ಲೋಹದ ಫಲಕ, ಮಾಡುತ್ತಾರೆ. ಆಗ ಸಹಿಯೂ ಬ್ಲಾಕಿನೊಳಗೆ ಸೇರಿಕೊಳ್ಳುತ್ತದೆ. ಸಾವಿರ ಪ್ರತಿ ಅಚ್ಚಾದರೆ ಸಾವಿರ ಪ್ರತಿಯಲ್ಲೂ ಸಹಿ ಇರುತ್ತದೆ. ಅದು ಅವರದೇ ಅಕ್ಷರ, ಆದರೆ ಆ ಕಾಗದವನ್ನು ಅವರು ಮುಟ್ಟಿಯೇ ಇಲ್ಲ. ಮಾರುವವರು ಇದನ್ನೂ "ಸಹಿ ಇರುವ ಪ್ರಿಂಟ್" ಎನ್ನುತ್ತಾರೆ. ಸುಳ್ಳು ಎನ್ನುವ ಹಾಗಿಲ್ಲ, ಪೂರ್ತಿ ನಿಜವೂ ಅಲ್ಲ.

ಎರಡನೆಯದು ನಿಜವಾದ ಕೈಸಹಿ. ಅಚ್ಚಾದ ಮೇಲೆ ಆ ಹಾಳೆಯ ಮೇಲೆಯೇ ಪೆನ್ಸಿಲ್ ಅಥವಾ ಇಂಕಿನಲ್ಲಿ ಹಾಕಿದ್ದು. ಪ್ರಿಂಟ್‌ನ ಅಂಚಿನಲ್ಲಿ ಪೆನ್ಸಿಲ್ ಸಹಿ ಹಾಕುವುದು ಯುರೋಪಿನ ಕಲಾವಿದರಲ್ಲಿ 19ನೇ ಶತಮಾನದ ಕೊನೆಗೆ ರೂಢಿಗೆ ಬಂತು. ಎಚ್ಚಿಂಗ್, ಅಂದರೆ ಲೋಹದ ತಗಡಿನಲ್ಲಿ ಗೆರೆ ಕೊರೆದು ತೆಗೆದ ಅಚ್ಚು, ಮಾಡಿ ಕೆಲವೇ ಪ್ರತಿ ಎಣಿಸಿ ಮಾರುವವರು ಹಾಗೆ ಮಾಡುತ್ತಿದ್ದರು. ಪತ್ರಿಕೆ, ಪುಸ್ತಕದ ಚಿತ್ರಕ್ಕೆ ಯಾರೂ ಕೂತು ಒಂದೊಂದಾಗಿ ಸಹಿ ಹಾಕುವುದಿಲ್ಲ. ಸ್ನೇಹಿತರಿಗೆ, ಶಿಷ್ಯರಿಗೆ ಕೊಟ್ಟ ಪ್ರತಿಯಲ್ಲಿ ಹಾಕಿರಬಹುದು, ಅದು ಅಪರೂಪ. ಹಾಗಾಗಿ ಮೂಲೆಯಲ್ಲಿ, ಚಿತ್ರದ ಬಣ್ಣದೊಳಗೇ ಸಹಿ ಇದ್ದರೆ ಅಚ್ಚಿನ ಸಹಿ ಎಂದೇ ಮೊದಲು ತಿಳಿಯಬೇಕು.

ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಗಾಜು ತೆಗೆದುಕೊಂಡು ಹೋಗಿ. ವಾಚ್ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುತ್ತಾರಲ್ಲ, ಅದೂ ಆಗುತ್ತದೆ. ಸಹಿಯ ಗೆರೆಯ ಮೇಲೆ ಇಟ್ಟು ನೋಡಿ. ಗೆರೆ ಚುಕ್ಕಿ ಚುಕ್ಕಿಯಾಗಿ ಒಡೆದರೆ ಅಚ್ಚು. ಒಡೆಯದೆ ಹರಿದು, ಕಾಗದದ ನಾರಿನ ಮೇಲೆ ಕೂತಿದ್ದರೆ ಆಗ ಮುಂದಿನ ಮಾತು.

ಕಾವಾ ಹಳೇ ವಿದ್ಯಾರ್ಥಿ

ಭೂತಗನ್ನಡಿ ಸರ್ ಹೇಳಿದ್ದಕ್ಕೆ ಸ್ವಲ್ಪ ಸೇರಿಸುತ್ತೇನೆ. ಪ್ರಿಂಟ್‌ಮೇಕಿಂಗ್ ಕಲಿತವನು ನಾನು, ಗಾಜಿನಡಿ ಚುಕ್ಕಿ ನೋಡುವುದೆಂದರೆ ಇವತ್ತಿಗೂ ಖುಷಿ.

ಕಲ್ಲಚ್ಚಿನ ಬಣ್ಣದ ಚಿತ್ರ, ಅಂದರೆ ನಮ್ಮ ಅಜ್ಜಿ ಮನೆಗಳಲ್ಲಿದ್ದ ರವಿವರ್ಮನ ಲಕ್ಷ್ಮಿ, ಸರಸ್ವತಿ. ಅದರಲ್ಲಿ ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು. ಕಲ್ಲಿನ ಮೇಲೆ ಕುಶಲಕರ್ಮಿ ಕೈಯಲ್ಲೇ ಚುಕ್ಕಿ ಇಡುತ್ತಿದ್ದ. ಹಾಗಾಗಿ ಚುಕ್ಕಿಗಳು ಒಂದೇ ಸೈಜಿನಲ್ಲಿ ಇರುವುದಿಲ್ಲ, ಸಾಲೂ ಇರುವುದಿಲ್ಲ. ಕೆನ್ನೆಯ ಹತ್ತಿರ ಒತ್ತಾಗಿ, ಕತ್ತಿನ ಹತ್ತಿರ ಬಿಡಿಬಿಡಿಯಾಗಿ ಇರುತ್ತವೆ. ಕೆಂಪು, ಗುಲಾಬಿ, ಕಂದು, ತೆಳು ನೀಲಿ ಎಲ್ಲ ಬೇರೆ ಬೇರೆ ಶಾಯಿ. ಮೇಲೆ ವಾರ್ನಿಷ್ ಬಳಿದು, ಕೆಲವಕ್ಕೆ ಕ್ಯಾನ್ವಾಸಿನ ನೇಯ್ಗೆಯ ಗುರುತು ಒತ್ತುತ್ತಿದ್ದರು. ಆಯಿಲ್ ಪೇಂಟಿಂಗ್ ಹಾಗೆ ಕಾಣಲಿ ಎಂದು.

ಹಾಫ್‌ಟೋನ್ ಬ್ಲಾಕ್ ಬೇರೆ. ಅಲ್ಲಿ ಜಾಲರಿಯ ಮೂಲಕ ಫೋಟೋ ತೆಗೆಯುವುದರಿಂದ ಚುಕ್ಕಿಗಳು ರಂಗೋಲಿ ಚುಕ್ಕಿಯ ಹಾಗೆ ಲೆಕ್ಕವಾಗಿ ಸಾಲಲ್ಲಿ ಕೂರುತ್ತವೆ. 20ನೇ ಶತಮಾನದ ಶುರುವಿನ ಪುಸ್ತಕ, ಪತ್ರಿಕೆಗಳ ಬಣ್ಣದ ಪುಟ ಹೆಚ್ಚಾಗಿ ಮೂರು ಬಣ್ಣದ ಹಾಫ್‌ಟೋನ್. ಲೋಹದ ಬ್ಲಾಕ್ ಒತ್ತಿದಾಗ ಶಾಯಿ ಚುಕ್ಕಿಯ ಅಂಚಿಗೆ ಸರಿದು, ಪ್ರತಿ ಚುಕ್ಕಿಗೂ ಸ್ವಲ್ಪ ಗಾಢವಾದ ಒಂದು ಅಂಚು ಬರುತ್ತದೆ. ಈಗಿನ ಆಫ್‌ಸೆಟ್‌ನಲ್ಲಿ ಆ ಅಂಚು ಇರುವುದಿಲ್ಲ, ಚುಕ್ಕಿ ಚಪ್ಪಟೆ. ಕಂಪ್ಯೂಟರ್ ಪ್ರಿಂಟರಿನದಾದರೆ ಸಾಲೇ ಇಲ್ಲದ ಸಣ್ಣ ಸಿಂಪಡಣೆ.

ಇನ್ನೊಂದು ಸುಲಭದ ಪರೀಕ್ಷೆ. ನೋಟು ಅಸಲಿಯಾ ನೋಡುವ ನೀಲಿ ಟಾರ್ಚ್ ಇರುತ್ತದಲ್ಲ, ಅದನ್ನು ಕತ್ತಲಲ್ಲಿ ಕಾಗದದ ಮೇಲೆ ಬಿಡಿ. ಕಾಗದ ಬೆಳ್ಳಗೆ ಹೊಳೆಯಲಿ ಎಂದು ಹಾಕುವ ರಾಸಾಯನಿಕ ಬಳಕೆಗೆ ಬಂದದ್ದು ಸುಮಾರು 1950ರ ನಂತರ. ಹಳೇ ಕಾಗದ ಮಂಕಾಗಿ ಕಾಣುತ್ತದೆ. ಫಳ್ ಎಂದು ನೀಲಿ ಬಿಳುಪು ಹೊಳೆದರೆ ನೂರು ವರ್ಷದ ಮಾತು ಬಿಡಿ. ಚಿತ್ರದ ಕಾಗದವನ್ನೇ ನೋಡಬೇಕು, ಸುತ್ತಲಿನ ಮೌಂಟ್ ಬೋರ್ಡ್, ಅಂದರೆ ಚೌಕಟ್ಟಿನೊಳಗೆ ಹಾಕುವ ರಟ್ಟು, ಹೊಸದಿರಬಹುದು.

ಬೈಂಡರ್ ಮಗ

ಅಕ್ಕ, ಚೌಕಟ್ಟಿನ ಹಿಂಭಾಗ ನೋಡದೆ ಯಾವುದನ್ನೂ ತೊಗೋಬೇಡಿ. ಮುಂದೆ ಎಷ್ಟು ಚೆನ್ನಾಗಿದ್ದರೂ ಜಾತಕ ಇರುವುದು ಹಿಂದೆ.

ಹಳೇ ಫ್ರೇಮಿನ ಹಿಂದೆ ಪ್ಯಾಕಿಂಗ್ ಪೆಟ್ಟಿಗೆಯ ಹಲಗೆ ಇರುತ್ತದೆ, ತುಕ್ಕು ಹಿಡಿದ ಸಣ್ಣ ಮೊಳೆ ಇರುತ್ತವೆ. ಧೂಳು ಬರದಿರಲಿ ಎಂದು ಹಳೇ ನ್ಯೂಸ್‌ಪೇಪರ್ ಅಂಟಿಸಿರುತ್ತಾರೆ. ಆ ಪೇಪರಿನಲ್ಲಿ ತಾರೀಖು ಇದ್ದರೆ, ಚೌಕಟ್ಟು ಆ ತಾರೀಖಿನ ನಂತರದ್ದು ಎಂದಾಯಿತು. ಫ್ರೇಮ್ ಅಂಗಡಿಯ ಚೀಟಿ ಇದ್ದರೆ ಇನ್ನೂ ಒಳ್ಳೆಯದು. ಯಾರೂ ಅದನ್ನು ಕಿತ್ತು ಬಿಸಾಡಬೇಡಿ. ಹೊಸ ಫ್ರೇಮ್ ಹಾಕಿಸಿದರೂ ಆ ಚೀಟಿ, ಆ ಪೇಪರ್ ತುಂಡು ಒಂದು ಕವರಿನಲ್ಲಿ ಹಾಕಿ ಚಿತ್ರದ ಜೊತೆಯಲ್ಲೇ ಇಡಿ.

ಹೊಸ ಪ್ಲೈವುಡ್, ಹೊಳೆಯುವ ಹೊಸ ಪಿನ್, ಅದರ ಒಳಗೆ "ನೂರು ವರ್ಷದ" ಚಿತ್ರ ಅಂದರೆ ಬಿಚ್ಚಿ ತೋರಿಸಿ ಎಂದು ಕೇಳಿ. ಬಿಚ್ಚಲು ಒಪ್ಪದಿದ್ದರೆ ನಮಸ್ಕಾರ ಹೇಳಿ ಬನ್ನಿ.

ಎಡಗಡೆಯ ಅಂಚನ್ನು ಬೆರಳಲ್ಲಿ ಸವರಿ ನೋಡಿ. ಪುಸ್ತಕದಿಂದ ಕಿತ್ತದ್ದಾದರೆ ಆ ಕಡೆ ಅಂಟಿನ ಗೆರೆ, ಹೊಲಿಗೆಯ ತೂತು ಅಥವಾ ಬ್ಲೇಡ್ ಆಡಿದ ಗುರುತು ಸಿಕ್ಕೇ ಸಿಗುತ್ತದೆ.

ಕೊರವಂಜಿ ಪ್ರಿಯ

ಚರ್ಚೆ ಚೆನ್ನಾಗಿದೆ. ನಮ್ಮ ಊರಿನವರ ಮಾತೂ ಬರಲಿ. ವ್ಯಂಗ್ಯಚಿತ್ರಕಾರ ಆರ್. ಕೆ. ಲಕ್ಷ್ಮಣ್ ಹುಟ್ಟಿದ್ದು ಮೈಸೂರಿನಲ್ಲಿ, 1921ರಲ್ಲಿ. ಓದು ಬರುವ ಮೊದಲೇ ಅವರು ಸ್ಟ್ರಾಂಡ್, ಪಂಚ್, ಟಿಟ್‌ಬಿಟ್ಸ್ ಮುಂತಾದ ವಿಲಾಯತಿ ಪತ್ರಿಕೆಗಳ ಚಿತ್ರ ನೋಡುತ್ತಾ ಕೂರುತ್ತಿದ್ದರು. ಮಹಾರಾಜ ಕಾಲೇಜಿನಲ್ಲಿ ಓದುವಾಗಲೇ ಅಣ್ಣ ನಾರಾಯಣ್ ಅವರ ಕಥೆಗಳಿಗೆ ಪತ್ರಿಕೆಯಲ್ಲಿ ಚಿತ್ರ ಬರೆದರು. ಡಾ. ಎಂ. ಶಿವರಾಂ 1942ರಲ್ಲಿ ಶುರು ಮಾಡಿದ ಹಾಸ್ಯ ಪತ್ರಿಕೆ 'ಕೊರವಂಜಿ'ಗೂ ಬರೆದರು. ಧುರಂಧರ್ 41 ವರ್ಷ ಇದ್ದ ಅದೇ ಜೆ. ಜೆ. ಸ್ಕೂಲು ಲಕ್ಷ್ಮಣ್ ಅವರಿಗೆ ಸೀಟು ಕೊಡಲಿಲ್ಲ ಎನ್ನುವುದೂ ಎಲ್ಲರಿಗೂ ಗೊತ್ತಿರುವ ವಿಷಯವೇ.

ನಾನು ಕೊರವಂಜಿಯ ಹಳೇ ಸಂಚಿಕೆ ಕೂಡಿಸುತ್ತೇನೆ. ಅದರಲ್ಲೂ ಸಹಿ ಬ್ಲಾಕಿನದ್ದೇ. ಆದರೆ ಒಂದು ಸಂಚಿಕೆ ಕೈಗೆ ಬಂದರೆ ಅದರ ಕಾಗದ, ಜಾಹೀರಾತು, ಬೆಲೆ, ಓದುಗರ ಪತ್ರ ಎಲ್ಲದರ ನಡುವೆ ಚಿತ್ರ ಇರುತ್ತದೆ. ಅದನ್ನು ನೋಡುವ ಸುಖವೇ ಬೇರೆ. ಕೈಸಹಿ ಇಲ್ಲ ಎಂದು ನನಗೆ ಒಂದು ದಿನವೂ ಬೇಜಾರಾಗಿಲ್ಲ.

ಅಗ್ರಹಾರದ ಓದುಗಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಗಾಜು, ಟಾರ್ಚ್ ಎರಡೂ ತೆಗೆದುಕೊಂಡು ಹೋಗಿದ್ದೆ. ಅಂಗಡಿಯವರು ಬೇಜಾರಿಲ್ಲದೆ ಹಿಂದಿನ ಹಲಗೆ ಬಿಚ್ಚಿ ತೋರಿಸಿದರು.

ಕಂಡದ್ದು ಇಷ್ಟು. ಸಹಿಯ ಗೆರೆ ಗಾಜಿನಡಿ ಚುಕ್ಕಿಯಾಗಿ ಒಡೆಯಿತು. ಸೀರೆಯಲ್ಲಿ, ಕೈಯಲ್ಲಿ, ಸಹಿಯಲ್ಲಿ ಒಂದೇ ಸಾಲಿನ ಚುಕ್ಕಿ. ಚುಕ್ಕಿಯ ಸುತ್ತ ಗಾಢ ಅಂಚು ಇದೆ. ಟಾರ್ಚಿಗೆ ಕಾಗದ ಹೊಳೆಯಲಿಲ್ಲ. ಕಾಗದ ನುಣುಪು, ಒಂದು ಕಡೆ ಮಾತ್ರ ಅಚ್ಚು, ಹಿಂದೆ ಖಾಲಿ. ಎಡ ಅಂಚಿನಲ್ಲಿ ಕಂದು ಬಣ್ಣದ ಒಣಗಿದ ಅಂಟು, ಒಂದು ಕಡ್ಡಿ ಅಗಲದಷ್ಟು. ಚಿತ್ರದ ಕೆಳಗೆ ಹೆಸರಿಲ್ಲ. ಇದು ಏನಿರಬಹುದು?

ಭೂತಗನ್ನಡಿ

ಇಷ್ಟು ಚೆನ್ನಾಗಿ ನೋಡಿಕೊಂಡು ಬಂದಿದ್ದೀರಿ, ಭೇಷ್. ಇದು ಹಳೇ ಪುಸ್ತಕದ ಪ್ಲೇಟ್, ಅಂದರೆ ಬೇರೆ ಹಾಳೆಯಲ್ಲಿ ಅಚ್ಚು ಮಾಡಿ ಪುಸ್ತಕಕ್ಕೆ ಸೇರಿಸಿದ ಚಿತ್ರ. ಕಾಗದ, ಅಚ್ಚು ಎರಡೂ ಆ ಕಾಲದ್ದೇ. ಸಹಿ ಮಾತ್ರ ಬ್ಲಾಕಿನ ಸಹಿ.

ಆಗೆಲ್ಲ ಅಕ್ಷರದ ಪುಟ ಒರಟು ಕಾಗದದಲ್ಲಿ ಅಚ್ಚಾಗುತ್ತಿತ್ತು. ಬಣ್ಣದ ಚಿತ್ರವನ್ನು ಬೇರೆಯಾಗಿ ನುಣುಪಾದ ಆರ್ಟ್ ಪೇಪರಿನಲ್ಲಿ ಅಚ್ಚು ಮಾಡಿ, ಒಂದು ಅಂಚಿಗೆ ಮಾತ್ರ ಅಂಟು ಸವರಿ ಪುಸ್ತಕದೊಳಗೆ ಸೇರಿಸುತ್ತಿದ್ದರು. ಎಷ್ಟೋ ಪುಸ್ತಕಗಳಲ್ಲಿ ಚಿತ್ರದ ಮೇಲೆ ತೆಳು ಟಿಶ್ಯೂ ಹಾಳೆ ಇರುತ್ತದೆ, ಚಿತ್ರದ ಹೆಸರು ಆ ಟಿಶ್ಯೂ ಮೇಲೆಯೇ ಅಚ್ಚಾಗಿರುತ್ತದೆ. ಟಿಶ್ಯೂ ಹೋದರೆ ಹೆಸರೂ ಹೋಯಿತು.

ಧುರಂಧರ್ ಚಿತ್ರ ಬರೆದ ಪುಸ್ತಕಗಳಲ್ಲಿ ನನಗೆ ಗೊತ್ತಿರುವವು: ಮುಂಬಯಿ ನಗರದ ಬಗ್ಗೆ ಎಡ್ವರ್ಡ್ಸ್ ಬರೆದ ಪುಸ್ತಕ, ದಖ್ಖನಿನ ಮಕ್ಕಳ ಕಥೆಗಳನ್ನು ಕಿನ್‌ಕೇಡ್ ಇಂಗ್ಲಿಷಿಗೆ ತಂದ 1914ರ ಪುಸ್ತಕ, ಆಮೇಲೆ ಆಟೋ ರಾತ್‌ಫೆಲ್ಡ್ ಎಂಬ, ಬ್ರಿಟಿಷ್ ಸರ್ಕಾರದ ಐ.ಸಿ.ಎಸ್. ಅಧಿಕಾರಿ ಭಾರತದ ಹೆಂಗಸರ ಬಗ್ಗೆ ಬರೆದದ್ದು. ಈ ಕೊನೆಯದು 1920ರ ಸುಮಾರಿಗೆ ಮುಂಬಯಿಯ ತಾರಾಪೋರ್‌ವಾಲಾ ಅವರಿಂದ ಬಂತು. ಅದರಲ್ಲಿ ಬೇರೆ ಬೇರೆ ಪ್ರಾಂತ್ಯದ, ಜಾತಿಯ, ಕಸುಬಿನ ಹೆಂಗಸರನ್ನು ಒಬ್ಬೊಬ್ಬರನ್ನೇ ನಿಲ್ಲಿಸಿ ಬರೆದ ಬಣ್ಣದ ಪ್ಲೇಟುಗಳಿವೆ. ನೀವು ಹೇಳುವ ಚಿತ್ರದ ಚಹರೆ ಆ ಕಡೆಗೇ ಹೋಗುತ್ತದೆ. ಅದರ ಸ್ಕ್ಯಾನ್ ನೆಟ್ಟಿನಲ್ಲಿ ಸಿಗುತ್ತದೆ. ಪಕ್ಕದಲ್ಲಿಟ್ಟು ಹೋಲಿಸಿ, ಹೆಸರು ಸಿಗಬಹುದು.

ಬೆಲೆ ಮಾತಿಗೆ ಬಂದರೆ, ಕೈಸಹಿಯ ಬೆಲೆ ಕೊಡಬೇಡಿ. ಪುಸ್ತಕದ ಬಿಡಿ ಪ್ಲೇಟಿನ ಬೆಲೆ ಕೇಳಿ. ಅಂಗಡಿಯವರಿಗೂ ಗಾಜಿನಲ್ಲಿ ತೋರಿಸಿ ಸಮಾಧಾನವಾಗಿ ಮಾತಾಡಿ. ಮೋಸ ಮಾಡಬೇಕು ಎಂದೇ ಹೇಳಿರುವುದಿಲ್ಲ, ಅವರಿಗೂ ಯಾರೋ ಹಾಗೆ ಹೇಳಿ ಮಾರಿರುತ್ತಾರೆ. ಚಿತ್ರ ಇಷ್ಟವಾಗಿದೆ ತಾನೇ? ಹಾಗಾದರೆ ಸರಿಯಾದ ಬೆಲೆಗೆ ಸಿಕ್ಕರೆ ಬಿಡಬೇಡಿ. ಹಾಫ್‌ಟೋನ್ ಪ್ಲೇಟ್ ಎಂದರೆ ಕೀಳು ಎಂದು ನಾನು ಒಪ್ಪುವುದಿಲ್ಲ. ಧುರಂಧರ್ ಬರೆದದ್ದೇ ಅದು ಪುಟದ ಮೇಲೆ ಹೇಗೆ ಬರುತ್ತದೆ ಎಂದು ಲೆಕ್ಕ ಹಾಕಿ. ಹಿನ್ನೆಲೆ ಖಾಲಿ ಬಿಟ್ಟದ್ದು ನೋಡಿ. ಪುಟದಲ್ಲಿ ಮನುಷ್ಯಾಕೃತಿ ಎದ್ದು ನಿಲ್ಲುತ್ತದೆ.

ಇನ್ನೊಂದು. ಜಗನ್ಮೋಹನ ಅರಮನೆಯ ದೀಪದ ಹೆಂಗಸಿನ ಚಿತ್ರ ರವಿವರ್ಮನದು ಎಂದು ಇವತ್ತಿಗೂ ಎಷ್ಟು ಜನ ಹೇಳುವುದಿಲ್ಲ! ಅದು ಎಸ್. ಎಲ್. ಹಲ್ದಣ್ಕರ್ ಅವರ ಜಲವರ್ಣ. ಅವರೂ ಜೆ. ಜೆ. ಸ್ಕೂಲಿನಲ್ಲೇ ಓದಿದವರು. ದೊಡ್ಡ ಹೆಸರು ಒಂದು ಇದ್ದರೆ ಎಲ್ಲವನ್ನೂ ಅದರ ತಲೆಗೆ ಕಟ್ಟುವುದು ನಮ್ಮಲ್ಲಿ ನಡೆದೇ ಇದೆ. ಧುರಂಧರ್ ಚಿತ್ರಗಳನ್ನೂ "ರವಿವರ್ಮ" ಎಂದು ಮಾರುವುದನ್ನು ಕಂಡಿದ್ದೇನೆ. ಕೆಳ ಅಂಚಿನ ಸಣ್ಣ ಅಕ್ಷರ ಓದಿ. ಅಂಚು ಕತ್ತರಿಸಿ ಫ್ರೇಮ್ ಹಾಕಿದ್ದರೆ ಯಾಕೆ ಕತ್ತರಿಸಿದರು ಎಂದು ಕೇಳಿ.

ಮಂಡ್ಯ ಮೇಷ್ಟ್ರು

ಈ ಚರ್ಚೆ ನೋಡಿ ಬರೆಯುತ್ತಿದ್ದೇನೆ. ರಾತ್‌ಫೆಲ್ಡ್ ಪುಸ್ತಕ ನಮ್ಮ ಮನೆಯಲ್ಲಿದೆ. ನಮ್ಮ ದೊಡ್ಡಪ್ಪ ಮೈಸೂರಿನಲ್ಲಿ ಓದುವಾಗ ಕೊಂಡದ್ದಂತೆ. ಬೆನ್ನು ಪೂರಾ ಹೋಗಿದೆ, ರಟ್ಟು ಬಿಟ್ಟುಕೊಂಡಿದೆ. ಮುಂದಿನ ಕೆಲವು ಹಾಳೆಗೆ ಗೆದ್ದಲು ಹಿಡಿದಿತ್ತು. ಆದರೆ ಬಣ್ಣದ ಪ್ಲೇಟುಗಳು ಬಹುಪಾಲು ಚೆನ್ನಾಗಿವೆ. ಕೆಲವು ತಾವಾಗಿಯೇ ಬಿಟ್ಟು ಬಂದಿವೆ.

ಒಬ್ಬರು ಬಂದು ನೋಡಿ, ಪುಸ್ತಕ ಬೇಡ, ಪ್ಲೇಟ್ ಮಾತ್ರ ಕೊಡಿ, ಒಂದಕ್ಕೆ ಇಷ್ಟು ಎಂದು ಕೊಡುತ್ತೇನೆ ಎಂದರು. ಒಟ್ಟು ಲೆಕ್ಕ ಹಾಕಿದರೆ ಹಾಳಾದ ಪುಸ್ತಕಕ್ಕೆ ಸಿಗುವುದಕ್ಕಿಂತ ಬಹಳ ಜಾಸ್ತಿ. ಮನೆಯಲ್ಲಿ ಕೊಟ್ಟುಬಿಡಿ ಎನ್ನುತ್ತಿದ್ದಾರೆ. ನಿಮ್ಮ ಅಭಿಪ್ರಾಯ ಏನು?

ಚೌಕಟ್ಟು

ಮೇಷ್ಟ್ರೇ, ನಾನು ಬಿಡಿ ಪ್ಲೇಟ್ ಕೊಳ್ಳುವವನೇ, ಅದಕ್ಕೇ ನೇರವಾಗಿ ಹೇಳುತ್ತೇನೆ. ಬೀರುವಿನಲ್ಲಿ ಗೆದ್ದಲು ತಿನ್ನುವ ಪುಸ್ತಕಕ್ಕಿಂತ ಹತ್ತು ಮನೆಯ ಗೋಡೆಯ ಮೇಲಿರುವ ಹತ್ತು ಚಿತ್ರ ಮೇಲು. ನಮ್ಮ ಮನೆಯ ಹಜಾರದಲ್ಲಿ ಧುರಂಧರ್ ಪೋಸ್ಟ್‌ಕಾರ್ಡ್ ನಾಲ್ಕು, ಪ್ಲೇಟ್ ಎರಡು ಇವೆ. ಬಂದವರೆಲ್ಲ ನಿಂತು ನೋಡುತ್ತಾರೆ. ಮಕ್ಕಳು "ಇವರು ಯಾರು, ಯಾಕೆ ಹೀಗೆ ಸೀರೆ ಉಟ್ಟಿದ್ದಾರೆ" ಎಂದು ಕೇಳುತ್ತಾರೆ. ಪುಸ್ತಕದೊಳಗೆ ಇದ್ದಿದ್ದರೆ ಯಾರು ಕೇಳುತ್ತಿದ್ದರು?

ಪೋಸ್ಟ್‌ಕಾರ್ಡ್ ಬಗ್ಗೆಯೂ ಒಂದು ಮಾತು, ಹೊಸಬರಿಗೆ ಉಪಯೋಗ ಆಗುತ್ತದೆ. ಹಿಂಭಾಗ ನೋಡಿ. ಶುರುವಿನ ಕಾರ್ಡುಗಳಲ್ಲಿ ಹಿಂದೆ ವಿಳಾಸ ಮಾತ್ರ ಬರೆಯಬೇಕಿತ್ತು. ಅದಕ್ಕೇ ಜನ ಚಿತ್ರದ ಪಕ್ಕದ ಖಾಲಿ ಜಾಗದಲ್ಲಿ ಒಕ್ಕಣೆ ಗೀಚುತ್ತಿದ್ದರು. ಹಿಂಭಾಗಕ್ಕೆ ನಡುವೆ ಗೆರೆ ಹಾಕಿ ಅರ್ಧ ವಿಳಾಸಕ್ಕೆ, ಅರ್ಧ ಒಕ್ಕಣೆಗೆ ಬಿಡುವುದನ್ನು ಬ್ರಿಟನ್ 1902ರಲ್ಲಿ ಶುರು ಮಾಡಿತು, ಬೇರೆ ದೇಶಗಳು ಆಮೇಲೆ. ಚಿತ್ರದ ಮೇಲೆ ಹಳೇ ಕೈಬರಹ ಇದ್ದರೆ ಕೆಟ್ಟುಹೋಗಿದೆ ಎಂದು ಬಿಡಬೇಡಿ. ಅಂಚೆ ಮುದ್ರೆಯಲ್ಲಿ ಊರು, ತಾರೀಖು ಓದಲು ಬಂದರೆ ಅದಕ್ಕಿಂತ ಗಟ್ಟಿ ಪುರಾವೆ ಇನ್ನೊಂದಿಲ್ಲ.

ಭೂತಗನ್ನಡಿ

ಚೌಕಟ್ಟು ಅವರೇ, ನಿಮ್ಮ ಗೋಡೆಯ ಮೇಲೆ ನನಗೆ ಗೌರವವಿದೆ. ಈಗಾಗಲೇ ಬಿಡಿಯಾಗಿರುವುದನ್ನು ಕೊಳ್ಳಿ, ಹಾಕಿ, ನಾಲ್ಕು ಜನ ನೋಡಲಿ. ಆದರೆ ಮೇಷ್ಟ್ರ ಪುಸ್ತಕದ ವಿಷಯದಲ್ಲಿ ಒಪ್ಪಲಾರೆ. ದಯವಿಟ್ಟು ಒಡೆಯಬೇಡಿ, ಮೇಷ್ಟ್ರೇ.

ನಮ್ಮ ಓದುಗಿ ಮೇಡಂ ಈಗ ಪಟ್ಟ ಪಾಡು ನೋಡಿ. ಚಿತ್ರ ಸಿಕ್ಕಿತು. ಯಾರ ಚಿತ್ರ, ಯಾವ ಊರಿನ ಹೆಂಗಸು, ಯಾವ ವರ್ಷ, ಯಾರು ಅಚ್ಚು ಮಾಡಿದರು, ಒಂದೂ ಇಲ್ಲ. ಯಾಕೆಂದರೆ ಯಾರೋ ಒಬ್ಬರು ಪ್ಲೇಟ್ ಕಿತ್ತು ಟಿಶ್ಯೂ ಬಿಸಾಡಿದರು. ಪುಸ್ತಕದ ಮುಂದುಗಡೆ ಚಿತ್ರಗಳ ಪಟ್ಟಿ ಇರುತ್ತದೆ. ಅದು ಗುಜರಿ ಅಂಗಡಿಗೆ ಹೋಯಿತು. ಈ ಹಾಳೆಗಳು ಹೋದ ಮೇಲೆ ಉಳಿದದ್ದು ಬರೀ "ಹಳೇ ಚಿತ್ರ". ಆಗಲೇ "ಕೈಸಹಿ" ಎಂಬ ಕಥೆಗಳು ಹುಟ್ಟುವುದು.

ಒಡೆದ ಪುಸ್ತಕ ಮತ್ತೆ ಕೂಡುವುದಿಲ್ಲ. ಒಳ್ಳೆಯ ಪ್ಲೇಟುಗಳು ನಾಲ್ಕು ದಿಕ್ಕಿಗೆ ಹೋಗುತ್ತವೆ. ಸ್ವಲ್ಪ ಕಲೆಯಾದವನ್ನು ಯಾರೂ ಕೊಳ್ಳುವುದಿಲ್ಲ, ಅವು ಕಸಕ್ಕೆ. ಕೊಳ್ಳುವವರು ಮೊದಲು ಆರಿಸುವುದು ಯಾವುದನ್ನು? ಒಡವೆ ಹಾಕಿದ ಚೆಲುವೆಯರನ್ನು. ಗಿರಣಿ ಕೆಲಸದವಳು, ಮೀನು ಮಾರುವವಳು ಹಿಂದೆ ಉಳಿಯುತ್ತಾರೆ. ಧುರಂಧರ್ ಇಬ್ಬರನ್ನೂ ಒಂದೇ ಗಮನದಿಂದ ಬರೆದರು. ಅದು ಕಾಣುವುದು ಎಲ್ಲ ಪ್ಲೇಟೂ ಒಟ್ಟಿಗೆ ಇದ್ದಾಗ ಮಾತ್ರ.

ಬೆನ್ನು ಹೋದ ಪುಸ್ತಕ ಸತ್ತ ಪುಸ್ತಕವಲ್ಲ. ಬೈಂಡರ್ ತಮ್ಮ ಇಲ್ಲೇ ಇದ್ದಾರೆ, ಅವರನ್ನೇ ಕೇಳಿ.

ಅಗ್ರಹಾರದ ಓದುಗಿ

ಒಂದು ವಿಷಯ ಸೇರಿಸಬೇಕು ಅನ್ನಿಸಿತು. ನೆಟ್ಟಿನಲ್ಲಿ ಆ ಪುಸ್ತಕ ತೆಗೆದು ಓದುತ್ತಿದ್ದೇನೆ. ಬರಹ ಹಲವು ಕಡೆ ಕಸಿವಿಸಿ ಮಾಡುತ್ತದೆ. ಅಧಿಕಾರಿ ಒಬ್ಬರು ಕೂತು ಈ ಜಾತಿಯ ಹೆಂಗಸರು ಹೀಗೆ, ಆ ಜಾತಿಯವರು ಹಾಗೆ ಎಂದು ತೀರ್ಪು ಕೊಡುತ್ತಾ ಹೋಗುತ್ತಾರೆ. ಚಿತ್ರದಲ್ಲಿ ಮಾತ್ರ ಅಂಥ ತೀರ್ಪು ನನಗೆ ಕಾಣಲಿಲ್ಲ. ಅಲ್ಲಿ ಒಬ್ಬ ಮನುಷ್ಯಳಿದ್ದಾಳೆ, ಅವಳ ಕೈಯ ಭಾರ ಇದೆ, ಸೀರೆಯ ನೆರಿಗೆ ಇದೆ.

ಮೊದಲು ನನಗೂ ಈ ಬರಹ ಇಲ್ಲದೆ ಚಿತ್ರ ಮಾತ್ರ ಇದ್ದರೆ ಚೆನ್ನ ಅನ್ನಿಸಿತ್ತು. ಆದರೆ ಬರಹದ ಪಕ್ಕದಲ್ಲಿಟ್ಟು ನೋಡಿದಾಗಲೇ ಧುರಂಧರ್ ಏನು ಮಾಡಿದ್ದಾರೆ ಎಂದು ಗೊತ್ತಾಗುವುದು. ಹಾಗಾಗಿ ನನ್ನ ಮತವೂ ಒಡೆಯಬೇಡಿ ಎಂದೇ, ಮೇಷ್ಟ್ರೇ.

ಚೌಕಟ್ಟು

ಇದು ಒಳ್ಳೇ ಮಾತು, ಒಪ್ಪಿದೆ. ಮೇಷ್ಟ್ರೇ, ನನ್ನ ಹತ್ತಿರ ಇರುವ ಎರಡು ಪ್ಲೇಟುಗಳಿಗೆ ಟಿಶ್ಯೂ ಇಲ್ಲ. ನಿಮ್ಮ ಪುಸ್ತಕದಿಂದ ಅವುಗಳ ಹೆಸರು ಹುಡುಕಿ ಕೊಡುತ್ತೀರಾ? ಚೌಕಟ್ಟಿನ ಹಿಂದೆ ಪೆನ್ಸಿಲ್ಲಿನಲ್ಲಿ ಬರೆದಿಡುತ್ತೇನೆ.

ಬೈಂಡರ್ ಮಗ

ಮೇಷ್ಟ್ರೇ, ಪುಸ್ತಕಕ್ಕೆ ಏನು ಮಾಡಬೇಕು ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ಮೊದಲು ಗೆದ್ದಲು ನಿಂತಿದೆಯಾ ನೋಡಿ. ಬಿಳಿ ಕಾಗದದ ಮೇಲೆ ಪುಸ್ತಕ ಇಟ್ಟು ಕೆಲವು ದಿನ ಬಿಡಿ. ಹೊಸ ಮಣ್ಣು, ಪುಡಿ ಉದುರಿದರೆ ಇನ್ನೂ ಜೀವ ಇದೆ ಎಂದರ್ಥ. ಬಿಸಿಲಿಗೆ ಒಣಗಲು ಇಡಬೇಡಿ, ಬಣ್ಣ ಹಾರುತ್ತದೆ. ಮೃದುವಾದ ಬ್ರಷ್‌ನಲ್ಲಿ ಒಂದೊಂದು ಹಾಳೆಯ ಸಂದಿಯೂ ಗುಡಿಸಿ.

ಆರ್ಟ್ ಪೇಪರಿಗೆ ನೀರು ತಾಗಬಾರದು. ಇದನ್ನು ಗಟ್ಟಿಯಾಗಿ ಹೇಳುತ್ತಿದ್ದೇನೆ. ಆ ನುಣುಪು ಬಂದದ್ದೇ ಕಾಗದದ ಮೇಲೆ ಬಳಿದ ಬಿಳಿ ಜೇಡಿಮಣ್ಣಿನಿಂದ. ಒದ್ದೆಯಾಗಿ ಎರಡು ಪುಟ ಒಂದಕ್ಕೊಂದು ಅಂಟಿ ಒಣಗಿದರೆ ಕಥೆ ಮುಗಿಯಿತು. ಬಿಡಿಸಲು ಹೋದರೆ ಚಿತ್ರವೇ ಸಿಪ್ಪೆ ಎದ್ದು ಬರುತ್ತದೆ. ಮಳೆಗಾಲದಲ್ಲಿ ಹೊರಗಿನ ಗೋಡೆಗೆ ತಾಗಿದ ಬೀರುವಿನಲ್ಲಿ ಇಡಬೇಡಿ.

ಬಿಟ್ಟು ಬಂದ ಪ್ಲೇಟುಗಳನ್ನು ಫೆವಿಕಾಲ್ ಹಾಕಿ ಅಂಟಿಸಬೇಡಿ. ಅದು ಆಮೇಲೆ ಬಿಡುವುದಿಲ್ಲ. ಸೆಲ್ಲೋಟೇಪಂತೂ ಬೇಡವೇ ಬೇಡ. ಕೆಲವು ವರ್ಷಕ್ಕೆ ಟೇಪ್ ಉದುರಿ ಹೋಗುತ್ತದೆ, ಹಳದಿ ಕಲೆ ಮಾತ್ರ ಉಳಿಯುತ್ತದೆ. ನಮ್ಮ ತಂದೆ ಮೈದಾ ಕುದಿಸಿ ಅಂಟು ಮಾಡಿ ಚೂರು ಮೈಲುತುತ್ತ ಹಾಕುತ್ತಿದ್ದರು, ಹುಳ ಬರದಿರಲಿ ಎಂದು. ಲೆಕ್ಕದ ಪುಸ್ತಕದ ರಟ್ಟಿಗೆ ಅದು ಸರಿ. ಇಂಥ ಪ್ಲೇಟಿಗೆ ನಾನು ಮೈಲುತುತ್ತ ಹಾಕುವುದಿಲ್ಲ, ಕಾಗದಕ್ಕೆ ಒಳ್ಳೆಯದಲ್ಲ. ಗೋಧಿಯ ಗಂಜಿಯಿಂದ ಮಾಡಿದ ತೆಳು ಅಂಟು, ಅಂಚಿಗೆ ಒಂದು ದಾರದಷ್ಟು ಅಗಲ ಮಾತ್ರ ಸವರಿದರೆ ಸಾಕು. ಮುಂದೆ ಯಾರಾದರೂ ಬಿಡಿಸಬೇಕಾದರೂ ಬಿಡಿಸಬಹುದು.

ನೀವೇ ಮಾಡಲು ಹೋಗಬೇಡಿ. ಅಲ್ಲಿಯವರೆಗೆ ಬಿಡಿ ಪ್ಲೇಟುಗಳನ್ನು ಅದರ ಅದರ ಪುಟದಲ್ಲೇ ಇಟ್ಟು, ಇಡೀ ಪುಸ್ತಕಕ್ಕೆ ಹತ್ತಿ ಬಟ್ಟೆಯ ಪಟ್ಟಿ ಸುತ್ತಿ ಸಡಿಲವಾಗಿ ಕಟ್ಟಿ. ರಬ್ಬರ್ ಬ್ಯಾಂಡ್ ಹಾಕಬೇಡಿ, ಅದು ಕರಗಿ ಅಂಟುತ್ತದೆ. ಅಳತೆಗೆ ಒಂದು ರಟ್ಟಿನ ಪೆಟ್ಟಿಗೆ ಮಾಡಿಸಿದರೆ ಸಾಕು, ಬೈಂಡಿಂಗ್ ಅವಸರ ಇಲ್ಲ.

ಓದುಗಿ ಅಕ್ಕನಿಗೂ ಇಲ್ಲೇ ಹೇಳಿಬಿಡುತ್ತೇನೆ: ಲ್ಯಾಮಿನೇಷನ್ ಬೇಡ. ಗಾಜು ಚಿತ್ರಕ್ಕೆ ತಾಗದ ಹಾಗೆ ನಡುವೆ ಮೌಂಟ್ ಕೊಡಿಸಿ, ಆಸಿಡ್ ಇಲ್ಲದ ಬೋರ್ಡ್ ಬೇಕು ಎಂದು ಕೇಳಿ. ಚಿತ್ರವನ್ನು ಬೋರ್ಡಿಗೆ ಪೂರ್ತಿ ಅಂಟಿಸಬಾರದು, ಮೇಲಿನ ಅಂಚಿನಲ್ಲಿ ಎರಡು ಸಣ್ಣ ಕಾಗದದ ಪಟ್ಟಿಯಿಂದ ನೇತುಹಾಕಿಸಿ. ಬಿಸಿಲು ಬೀಳುವ ಗೋಡೆ ಬೇಡ.

ಶ್ರೀರಂಗಪಟ್ಟಣದಿಂದ

ನನ್ನದು ಒಂದು ಪ್ರಶ್ನೆ. ನಮ್ಮ ಚಿಕ್ಕಪ್ಪನ ಮಗ ಅಮೆರಿಕದಲ್ಲಿದ್ದಾನೆ. ನಮ್ಮ ಮನೆಯ ಎರಡು ಹಳೇ ಓಲಿಯೋಗ್ರಾಫ್, ಅಂದರೆ ಆಯಿಲ್ ಪೇಂಟಿಂಗ್ ಹಾಗೆ ಕಾಣುವ ಅಚ್ಚಿನ ಚಿತ್ರ, ಕಳಿಸು ಎನ್ನುತ್ತಿದ್ದಾನೆ. ಕೆಳಗೆ ರವಿವರ್ಮ ಪ್ರೆಸ್, ಕಾರ್ಲಾ ಲೋನಾವಳ ಎಂದಿದೆ. ಸೀರೆಗೆ ನಮ್ಮ ಅಜ್ಜಿ ಜರಿ, ಮಣಿ ಅಂಟಿಸಿದ್ದಾರೆ. ಅದನ್ನು ತೆಗೆದು ಕಳಿಸಲಾ?

ಭೂತಗನ್ನಡಿ

ಜರಿ ತೆಗೆಯಬೇಡಿ! ಅದು ನಿಮ್ಮ ಅಜ್ಜಿಯ ಕೈಕೆಲಸ. ಪ್ರೆಸ್ಸಿನ ಚಿತ್ರ ಸಾವಿರ ಮನೆಯಲ್ಲಿತ್ತು, ಜರಿ ಹಾಕಿದ ಈ ಪ್ರತಿ ನಿಮ್ಮ ಮನೆಯಲ್ಲಿ ಮಾತ್ರ.

ಪ್ರೆಸ್ ಶುರುವಾದದ್ದು 1894ರಲ್ಲಿ, ಮುಂಬಯಿಯಲ್ಲಿ. ಆಮೇಲೆ ಲೋನಾವಳದ ಹತ್ತಿರ ಮಳವಲಿಗೆ ಹೋಯಿತು. ರವಿವರ್ಮ ಅದನ್ನು ಜರ್ಮನ್ ತಂತ್ರಜ್ಞ ಶ್ಲೈಷರ್‌ಗೆ ಮಾರಿದ ಮೇಲೂ ಎಷ್ಟೋ ವರ್ಷ ನಡೆಯಿತು. ಹಾಗಾಗಿ ಪ್ರೆಸ್ಸಿನ ಹೆಸರಿದ್ದ ಮಾತ್ರಕ್ಕೆ ರವಿವರ್ಮರ ಕಾಲದ್ದೇ ಎನ್ನಲಾಗದು. ಅವರು ತೀರಿಕೊಂಡದ್ದು 1906ರಲ್ಲಿ.

ವಿದೇಶಕ್ಕೆ ಕಳಿಸುವ ಮುನ್ನ ಕಾನೂನು ನೋಡಿ. 1972ರ ಪುರಾತನ ವಸ್ತುಗಳ ಕಾಯ್ದೆಯಲ್ಲಿ ನೂರು ವರ್ಷ ದಾಟಿದ ಕಲಾಕೃತಿಗಳಿಗೆ ನಿರ್ಬಂಧ ಇದೆ. ಪುರಾತತ್ವ ಸರ್ವೇಕ್ಷಣ ಇಲಾಖೆಯವರನ್ನು ಕೇಳದೆ ಪಾರ್ಸೆಲ್ ಮಾಡಬೇಡಿ. ಚೆನ್ನಾಗಿ ಫೋಟೋ ತೆಗೆದು ಕಳಿಸಿ, ಅವರು ಊರಿಗೆ ಬಂದಾಗ ನೋಡಲಿ.

ಕಾವಾ ಹಳೇ ವಿದ್ಯಾರ್ಥಿ

ಪುಸ್ತಕದ ಪ್ಲೇಟ್ ಮಾತು ಬಂದದ್ದಕ್ಕೆ ಇನ್ನೊಂದು ಹೆಸರು. ಸೋದರಿ ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿ ಬರೆದ ಪುರಾಣ ಕಥೆಗಳ ಪುಸ್ತಕ 1913ರಲ್ಲಿ ಲಂಡನ್ನಿನಲ್ಲಿ ಬಂತು. ಅದರಲ್ಲಿ 32 ಬಣ್ಣದ ಚಿತ್ರಗಳಿವೆ, ಅವನೀಂದ್ರನಾಥ ಠಾಕೂರರ ಮೇಲ್ವಿಚಾರಣೆಯಲ್ಲಿ ಅವರೂ ಅವರ ಶಿಷ್ಯರೂ ಬರೆದವು. ಆ ಶಿಷ್ಯರಲ್ಲಿ ನಮ್ಮ ಕೆ. ವೆಂಕಟಪ್ಪನವರೂ ಒಬ್ಬರು. ಮೈಸೂರು ಅರಮನೆಯ ನೆರವಿನಿಂದ ಕಲ್ಕತ್ತೆಗೆ ಹೋಗಿ ಕಲಿತವರು. ರಾಮಾಯಣದ ಚಿತ್ರಗಳಲ್ಲಿ ಅವರ ಹೆಸರು ಹುಡುಕಿ. ಈ ಪುಸ್ತಕವನ್ನೂ ಒಡೆದು ಬಿಡಿ ಬಿಡಿಯಾಗಿ ಮಾರುತ್ತಾರೆ. ಪೂರ್ತಿ ಪ್ರತಿ ಸಿಕ್ಕರೆ 32 ಇದೆಯಾ ಎಣಿಸಿಕೊಳ್ಳಿ.

ಮಂಡ್ಯ ಮೇಷ್ಟ್ರು

ಎಲ್ಲರಿಗೂ ಕೃತಜ್ಞತೆ. ಪುಸ್ತಕ ಒಡೆಯುವುದಿಲ್ಲ ಎಂದು ತೀರ್ಮಾನ ಮಾಡಿದೆವು. ಮನೆಯವರಿಗೆ ಈ ಚರ್ಚೆ ಓದಿ ಹೇಳಿದೆ. ಮೀನು ಮಾರುವವಳ ಮಾತು ಬಂದಾಗ ಅವರೇ ಬೇಡ ಎಂದರು. ಬೈಂಡರ್ ತಮ್ಮ ಹೇಳಿದ ಹಾಗೆ ಬಟ್ಟೆಯ ಪಟ್ಟಿ ಕಟ್ಟಿ ಇಟ್ಟಿದ್ದೇನೆ. ಪುಸ್ತಕದ ಮುಂದುಗಡೆಯ ಚಿತ್ರಗಳ ಪಟ್ಟಿ ಗೆದ್ದಲಿಗೆ ಅರ್ಧ ಹೋಗಿದೆ, ಆದರೆ ಟಿಶ್ಯೂಗಳು ಇವೆ.

ಚೌಕಟ್ಟು ಅವರೇ, ನಿಮ್ಮ ಎರಡು ಪ್ಲೇಟಿನ ಫೋಟೋ ಹಾಕಿ, ಹುಡುಕಿ ಹೇಳುತ್ತೇನೆ. ಶಾಲೆಯ ಮಕ್ಕಳಿಗೆ ತೋರಿಸಲು ಕೆಲವು ಚಿತ್ರ ಸ್ಕ್ಯಾನ್ ಮಾಡಿ ದೊಡ್ಡದಾಗಿ ಪ್ರಿಂಟ್ ಹಾಕಿಸಬೇಕು ಎಂದಿದ್ದೇನೆ. ಕಾಪಿರೈಟ್ ತೊಂದರೆ ಇದೆಯಾ?

ಭೂತಗನ್ನಡಿ

ಧುರಂಧರ್ ಚಿತ್ರಗಳಿಗೆ ಇಲ್ಲ, ಮೇಷ್ಟ್ರೇ. ನಮ್ಮ ಕಾನೂನಿನಲ್ಲಿ ಕಲಾವಿದರು ತೀರಿಕೊಂಡ ನಂತರ 60 ವರ್ಷ ಹಕ್ಕು ಇರುತ್ತದೆ. ಅವರು ಹೋದದ್ದು 1944ರಲ್ಲಿ. 2004ರ ಕೊನೆಗೆ ಮುಗಿಯಿತು. ಧಾರಾಳವಾಗಿ ಹಾಕಿಸಿ. ಹೊಸ ಪ್ರಿಂಟಿನ ಹಿಂದೆ "ಮರುಮುದ್ರಣ", ಇಸವಿ, ಯಾವ ಪುಸ್ತಕದಿಂದ ಎಂದು ಮರೆಯದೆ ಬರೆಸಿ. ಮುಂದೆ ಯಾರ ಕೈಗೆ ಸಿಕ್ಕರೂ ಹಳೆಯದು ಎಂದು ಮಾರಲು ಆಗಬಾರದು.

ಸ್ಕ್ಯಾನ್ ಮಾಡುವಾಗ ಪುಸ್ತಕವನ್ನು ಗಾಜಿನ ಮೇಲೆ ಕವುಚಿ ಒತ್ತಬೇಡಿ, ಬೆನ್ನು ಪೂರ್ತಿ ಬಿಡುತ್ತದೆ. ಕಿಟಕಿಯ ಪಕ್ಕ, ನೇರ ಬಿಸಿಲಿಲ್ಲದ ಕಡೆ ಇಟ್ಟು ಮೇಲಿನಿಂದ ಫೋಟೋ ತೆಗೆಯಿರಿ. ಟಿಶ್ಯೂ ಸಮೇತ ಒಂದು, ಟಿಶ್ಯೂ ಸರಿಸಿ ಒಂದು. ಅಳತೆಗೆ ಪಕ್ಕದಲ್ಲಿ ಒಂದು ಸ್ಕೇಲ್ ಇಡಿ. ಎಲ್ಲವನ್ನೂ ಇಲ್ಲಿ ಹಾಕಿದರೆ ಹೆಸರಿಲ್ಲದ ಬಿಡಿ ಪ್ಲೇಟ್ ಇಟ್ಟುಕೊಂಡವರೆಲ್ಲ ತಮ್ಮ ತಮ್ಮ ಚಿತ್ರ ಹೋಲಿಸಿಕೊಳ್ಳಬಹುದು.

ಮಂಡ್ಯ ಮೇಷ್ಟ್ರು

ಆಗಲಿ ಸರ್. ಭಾನುವಾರ ಶುರು ಮಾಡುತ್ತೇನೆ. ಮೊದಲು ಓದುಗಿಯವರ ಬುಟ್ಟಿಯ ಹೆಂಗಸು ಇದರಲ್ಲಿ ಇದ್ದಾಳಾ ನೋಡುತ್ತೇನೆ.